ಮಾಮೂಲಿ ಸದ್ದು

ಹಲ್ಲುಜ್ಜುತ್ತ ಕನ್ನಡಿಯ ಮುಂದೆ ನಿಂತಿದ್ದ ಕಿವಿಯಣ್ಣನಿಗೆ ಹೆಂಡತಿ ಬಂದು ಹಿಂದೆ ನಿಂತದ್ದು ಕಾಣಿಸಿತು, ಕೇಳಿಸಲಿಲ್ಲ. ಕನ್ನಡಿಯೊಳಗೆ ಅವಳ ತುಟಿ ಅಲುಗಿತು. ಏನೋ ಹೇಳಿದಳು, ಅಥವಾ ಬರೀ ಆಕಳಿಸಿದಳೋ, ಯಾರಿಗೆ ಗೊತ್ತು. ಬಾಯಿ ತುಂಬ ನೊರೆ ಇದ್ದದ್ದೇ ಪುಣ್ಯವೆಂದುಕೊಂಡು ಅವನು ‘ಹೂಂ’ ಎಂದು ತಲೆಯಾಡಿಸಿದ. ಅವಳು ಕನ್ನಡಿಯಲ್ಲೇ ಅವನ ಮುಖವನ್ನೊಮ್ಮೆ ನೋಡಿ, ಕೈಯಲ್ಲಿದ್ದ ಟವೆಲನ್ನು ಮೊಳೆಗೆ ತಗುಲಿಸಿ ಅಡಿಗೆಮನೆಗೆ ಹೋದಳು. ಟವೆಲು ತಗೊಳ್ಳಿ ಅಂದಿರಬೇಕು. ಅಷ್ಟೇ ಇರಬೇಕು. ಆದರೆ ಆ ನೋಟವಿತ್ತಲ್ಲ, ಅದು ಟವೆಲಿನ ನೋಟವಾಗಿರಲಿಲ್ಲ. ಈಗೀಗ ಅವಳು ಅವನನ್ನು ನೋಡುತ್ತಿದ್ದದ್ದೇ ಹಾಗೆ, ಬಾಗಿಲು ತಟ್ಟದೆ ಮನೆಯೊಳಗೆ ಬಂದುಬಿಟ್ಟ ಪರಕೀಯನನ್ನು ನೋಡುವ ಹಾಗೆ. ಬಾಯಿ ಮುಕ್ಕಳಿಸುವಾಗ ಎಡಗಿವಿಯೊಳಗೆ ಸದಾ ಇರುವ ಗುಂಯ್ ಸದ್ದು ಒಂದಿಷ್ಟು ಏರಿ ಮತ್ತೆ ತನ್ನ ಜಾಗಕ್ಕೆ ಇಳಿಯಿತು. ಬೇರೆಲ್ಲ ಸದ್ದುಗಳೂ ಖಾಲಿ ಮಾಡಿ ಹೋದ ಆ ಕಿವಿಯಲ್ಲಿ ಅದೊಂದು ಮಾತ್ರ ಬಾಡಿಗೆ ಕೊಡದೆ ಕೂತುಬಿಟ್ಟಿತ್ತು.

ಕಿವಿಯಣ್ಣ ಅನ್ನುವುದು ವರ್ಕ್‌ಶಾಪಿನವರು ಇಟ್ಟ ಹೆಸರು. ಭಾರೀ ಪಿಕಪ್ ಗಾಡಿಗಳನ್ನು ಮಾರುವ ಕಂಪನಿಯ ಸ್ವಂತ ವರ್ಕ್‌ಶಾಪು ಅದು. ವಾರಂಟಿ ಇರುವ ಗಾಡಿಯಲ್ಲಿ ಎಂಥ ಸದ್ದು ಬಂದರೂ ಮೊದಲು ಕಿವಿಯಣ್ಣನ ಮುಂದೆ ಬಂದು ನಿಲ್ಲಬೇಕು. ಅವನು ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಎಡಗಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತಲಿದ್ದವರು ಸ್ಪ್ಯಾನರನ್ನು ಕೂಡ ಮೆಲ್ಲಗೆ ಕೆಳಗಿಡುತ್ತಿದ್ದರು. ಎಡಗಿವಿಯೇ ಯಾಕೆ ಅಂದರೆ ಅದಕ್ಕೇನೂ ಶಾಸ್ತ್ರವಿಲ್ಲ, ಕಲಿಯುವಾಗ ಹಾಗೆ ಅಭ್ಯಾಸವಾಯಿತು, ಅಷ್ಟೇ. ಆಮೇಲೆ ಆ ಎಡಗಿವಿಗೇ ಹೆಸರು ಬಂತು. ಹೆಸರು ಬಂದ ಕಿವಿಯೇ ಕೈಕೊಟ್ಟಿತು, ಅದೂ ಒಂದೇ ದಿನಕ್ಕಲ್ಲ, ಸಂಜೆ ಬೆಳಕು ಹೋಗುವ ಹಾಗೆ. ಎಷ್ಟು ಹೊತ್ತಿಗೆ ಕತ್ತಲಾಯಿತು ಅಂತ ಹೇಳಲಿಕ್ಕಾಗುವುದಿಲ್ಲ. ಬಲಗಿವಿ ಮಸುಕಾಗಿದ್ದರೂ ಇನ್ನೂ ಕೆಲಸ ಮಾಡುತ್ತಿತ್ತು. ಹಿಡಿಯನ್ನು ಎಡದಿಂದ ಬಲಕ್ಕೆ ತಂದಿದ್ದರೆ ಮುಗಿದೇ ಹೋಗಿತ್ತು. ಆದರೆ ತಂದ ತಕ್ಷಣ ಯಾರಾದರೊಬ್ಬರು ‘ಏನ್ ಕಿವಿಯಣ್ಣ, ಇವತ್ತು ಆ ಕಡೆ?’ ಅಂತ ಕೇಳಿಯೇ ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಹೆದರಿ, ಎಂಥಾ ಮನುಷ್ಯ ನೋಡಿ, ಒಂದು ವರ್ಷದಿಂದ ಸತ್ತ ಕಿವಿಗೆ ಸ್ಕ್ರೂಡ್ರೈವರ್ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಬೆರಳ ತುದಿಗೆ ತಾಗುವ ನಡುಕ, ಎದುರಿಗೆ ನಿಂತವರ ಮುಖ, ಹಳೆಯ ಅನುಭವ, ಇಷ್ಟರ ಮೇಲೆ ಅಂದಾಜು ಕಟ್ಟಿ ಒಂದು ಮಾತು ಹೇಳುತ್ತಿದ್ದ. ಏನೂ ಗೊತ್ತಾಗದಿದ್ದಾಗ ಹೇಳಲಿಕ್ಕೂ ಒಂದು ಮಾತಿತ್ತು. ‘ಇದು ಮಾಮೂಲಿ ಸದ್ದು. ಈ ಗಾಡೀಲಿ ಇದು ಇರೋದೇ.’ ಕಂಪನಿಗೂ ಆ ಮಾತು ಇಷ್ಟವಾಗಿತ್ತು. ಹೇಳಿ ಹೇಳಿ ಅದು ಅವನ ನಾಲಿಗೆಯ ಮೇಲೇ ಮನೆ ಮಾಡಿಕೊಂಡಿತ್ತು.

ಬಸ್ಸಿನಲ್ಲಿ ಅವನು ಯಾವಾಗಲೂ ಎಡಗಡೆಯ ಕಿಟಕಿಗೆ ಅಂಟಿಕೊಂಡು ಕೂರುತ್ತಿದ್ದ, ಪಕ್ಕದವರು ಬಲಕ್ಕೆ ಸಿಗಲಿ ಅಂತ. ಮನೆಯಲ್ಲಿ ಹಾಗೆ ಜಾಗ ಆರಿಸಿಕೊಳ್ಳಲು ಆಗುತ್ತದೆಯೇ? ಹೆಂಡತಿ ಒಲೆಯ ಹತ್ತಿರದಿಂದ ಕರೆಯುತ್ತಾಳೆ, ಬಚ್ಚಲಿನಿಂದ ಕರೆಯುತ್ತಾಳೆ, ಬಟ್ಟೆ ಒಣಗಿಸುತ್ತ ಬೆನ್ನು ತಿರುಗಿಸಿಕೊಂಡೇ ಮಾತಾಡುತ್ತಾಳೆ. ಮೊದಮೊದಲು ‘ರೀ, ನಿಮ್ಮನ್ನೇ ಕರೀತಿರೋದು’ ಅನ್ನುತ್ತಿದ್ದಳು. ಆಮೇಲೆ ‘ಕೋಪ ಇದ್ರೆ ಬಾಯ್ಬಿಟ್ಟು ಹೇಳ್ಬಾರ್ದಾ’ ಅಂದಳು. ಆ ಮಾತು ಬಲಗಿವಿಗೆ ಸ್ಪಷ್ಟವಾಗಿ ಬಿದ್ದಾಗ ಅವನಿಗೆ ಒಂದು ಉಪಾಯ ಸಿಕ್ಕಂತಾಯಿತು. ಕೋಪ ಅಂದುಕೊಳ್ಳಲಿ. ಕೋಪಿಷ್ಠ ಗಂಡ ಅನ್ನಿಸಿಕೊಳ್ಳುವುದರಲ್ಲಿ ಒಂದು ಗತ್ತಾದರೂ ಇದೆ; ಕಿವುಡ ಗಂಡ ಅಂದರೆ ನೆರೆಯವರಿಗೆ ನಗುವ ಸರಕು. ಹಾಗೆ ಯಾವ ಕಾರಣವೂ ಇಲ್ಲದ ಒಂದು ಕೋಪವನ್ನು ಅವನು ಮುಖದ ಮೇಲೆ ಹಾಕಿಕೊಂಡು ಓಡಾಡಿದ. ಅವಳು ಅದಕ್ಕೂ ಹೊಂದಿಕೊಂಡಳು, ಪಾಪ. ಆದರೆ ಆ ಭಾನುವಾರದಿಂದ ಈಚೆಗೆ ಅವಳೇ ಮಾತು ಬಿಟ್ಟಿದ್ದಳು.

ಏನು ನಡೆದಿತ್ತು ಆ ಭಾನುವಾರ? ಬಸ್ಸಿನ ಕಿಟಕಿಯ ಹೊರಗೆ ಮುಚ್ಚಿದ ಅಂಗಡಿಗಳು ಸಾಲಾಗಿ ಹಿಂದೆ ಸರಿಯುವಾಗ ಅವನು ದಿನಾ ಇದನ್ನೇ ಬಿಚ್ಚಿ ಬಿಚ್ಚಿ ನೋಡುತ್ತಿದ್ದ. ಊಟವಾದ ಮೇಲೆ ಮಲಗಿದ್ದ. ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಲೋಕಕ್ಕೆ ಬಾಗಿಲು ಹಾಕಿದಂತೆ, ಅಂಥ ನಿದ್ದೆ ಅವನಿಗೆ ಇತ್ತೀಚೆಗಷ್ಟೇ ದಕ್ಕಿದ ಸುಖ. ಅರೆನಿದ್ದೆಯಲ್ಲಿ ಹಾಸಿಗೆಯ ಅಂಚು ಕುಸಿಯಿತು. ಅವಳು ಹಿಂದೆ ಬಂದು ಕೂತಿದ್ದಾಳೆ. ಭುಜ ಅಲುಗಿಸಿದಳು. ಎಡಗಿವಿಗೆ ತಣ್ಣಗೆ ಏನೋ ತಾಗಿತು, ಅವಳ ಬಳೆಯೋ ಬೆರಳೋ. ಏನೋ ಹೇಳುತ್ತಿದ್ದಾಳೆ ಅನ್ನುವುದು ಮಾತ್ರ ಬೆನ್ನಿಗೆ ಗೊತ್ತಾಯಿತು. ಆ ವಾರವೆಲ್ಲ ಅವಳು ನೀರಿನ ಮೋಟರ್ ಕಿರುಚುತ್ತೆ, ಒಂದು ದಿನ ನೋಡಿ, ಅಂತ ಬೆನ್ನು ಹತ್ತಿದ್ದಳು. ಅದೇ ರಾಮಾಯಣ ಅಂದುಕೊಂಡ. ನೊಣ ಓಡಿಸುವ ಹಾಗೆ ಕೈಬೀಸಿ, ‘ಅದೆಲ್ಲ ಮಾಮೂಲಿ, ಬಿಡು’ ಎಂದು ಮತ್ತೆ ನಿದ್ದೆಗೆ ಇಳಿದ. ಎದ್ದಾಗ ಅವಳು ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಕಣ್ಣು ಊದಿತ್ತು. ಒಂದು ಮೋಟರಿಗೆ ಇಷ್ಟು ಕೋಪವೇ! ಮಾರನೆಯ ದಿನವೇ ಮೋಟರ್ ಬಿಚ್ಚಿ ಬೇರಿಂಗ್ ಬದಲಾಯಿಸಿದ. ಅದು ಸಾಲದು ಅಂತ ಬಾಗಿಲುಗಳ ತಿರುಗಣಿಗೆಲ್ಲ ಎಣ್ಣೆ ಬಿಟ್ಟ. ಮನೆಯ ಒಂದೊಂದೇ ಸದ್ದನ್ನು ಹುಡುಕಿ ಕೊಂದ.

ಆ ಭಾನುವಾರದ ಮರುದಿನವೇ ಅವಳು ಮಗಳ ಊರಿಗೆ ಹೊರಟದ್ದು. ಮಗಳಿಗೆ ದಿನ ತುಂಬುತ್ತ ಬಂದಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು, ಏನೋ ಕಾಯುವವಳ ಹಾಗೆ. ‘ಹೂಂ, ಹೋಗ್ಬಾ, ನಾಲ್ಕು ದಿನ ಇದ್ದು ಬಾ’ ಎಂದ, ಕಿತ್ತ ಮೋಟರನ್ನು ಕಾಲ ಸಂದಿಗೆ ಹಿಡಿದುಕೊಂಡು. ಹೋದಳು. ಮರಳಿ ಬಂದ ದಿನ ಅವಳು ಸಿಂಕಿನ ಮುಂದೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಾಗ ಇವನು ಹಿಂದಿನಿಂದ ‘ಹೇಗಿದಾಳೆ ಮಗಳು?’ ಅಂತ ಕೇಳಿದ. ನೀರಿನ ಮೊರೆತದ ಒಳಗಿನಿಂದ ಅವಳ ಬೆನ್ನು ಏನೋ ಹೇಳಿತು. ತುಸು ಉದ್ದನೆಯ ಉತ್ತರವೇ. ಉದ್ದವಾಗಿದ್ದದ್ದರಿಂದ ಒಳ್ಳೆಯ ಸುದ್ದಿಯೇ, ಹೆರಿಗೆಗೆ ಇನ್ನೂ ದಿನವಿದೆ ಅಂತಿರಬೇಕೆಂದುಕೊಂಡು ‘ಸರಿ, ಒಳ್ಳೇದಾಯ್ತು’ ಎಂದ. ಅವಳು ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು. ಆಗ ಶುರುವಾದ ನೋಟ ಅದು, ಇವತ್ತು ಬೆಳಿಗ್ಗೆ ಕನ್ನಡಿಯಲ್ಲಿ ಕಂಡದ್ದು. ವಾರಕ್ಕೊಮ್ಮೆ ಬರುತ್ತಿದ್ದ ಮಗಳ ಫೋನ್ ಕೂಡ ಈಗ ಬರುತ್ತಿರಲಿಲ್ಲ. ಬಂದರೂ ಹೆಂಡತಿ ಹೊರಗೆ ಹೋಗಿ ಮಾತಾಡುತ್ತಿದ್ದಳೇನೋ. ನಿಜ ಹೇಳಬೇಕೆಂದರೆ ಅವನಿಗೆ ಅದರಿಂದ ಸ್ವಲ್ಪ ನಿರಾಳವೇ ಆಗಿತ್ತು. ‘ತಗೊಳ್ಳಿ, ಮಾತಾಡಿ’ ಎಂದು ಫೋನನ್ನು ಕೈಗೆ ತುರುಕುವವರು ಯಾರೂ ಇಲ್ಲವಲ್ಲ. ಹಾಗೆ ನಿರಾಳವಾದದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಗುತ್ತಿತ್ತು.

ಗಾಜಿನಂಗಡಿಯವರು ವರ್ಕ್‌ಶಾಪಿನ ಗೇಟು ತೆರೆಯುವ ಮೊದಲೇ ಬಂದು ನಿಂತಿದ್ದರು. ದೊಡ್ಡ ದೊಡ್ಡ ಗಾಜಿನ ಹಲಗೆಗಳನ್ನು ಅಂಗಡಿಯಿಂದ ಕಟ್ಟಡಗಳಿಗೆ ಸಾಗಿಸುವ ಮನುಷ್ಯ, ಬಾಯಿ ಸ್ವಲ್ಪ ಜೋರು. ಅವರ ಪಿಕಪ್ಪಿನ ಎಂಜಿನ್ ಬಡಿಯುತ್ತದೆ ಅನ್ನುವುದು ಅವರ ದೂರು. ಆಗಲೇ ಎರಡು ಸಲ ಬಂದಿದ್ದರು, ಎರಡು ಸಲವೂ ಕಿವಿಯಣ್ಣ ಮಾಮೂಲಿ ಎಂದು ಕಳಿಸಿದ್ದ. ಮೊದಲ ಸಲ ಎಂಜಿನ್ ಚೆನ್ನಾಗಿ ಬಿಸಿಯಾಗಿತ್ತು, ಆಗ ಸದ್ದು ಇದ್ದಿರಲಾರದು. ಎರಡನೆಯ ಸಲ ಅವರು ಬೆಳಿಗ್ಗೆ ಬೇಗನೆ ಬಂದಿದ್ದರು. ‘ಈಗ ಕೇಳಿ, ಈಗ ಕೇಳಿ’ ಎಂದು ಬಾನೆಟ್ಟಿನ ಮೇಲೆ ಬಾಗಿದ್ದರು. ಆಗ ಇತ್ತೋ ಏನೋ, ಕಿವಿಯಣ್ಣನಿಗೆ ಗೊತ್ತಿಲ್ಲ. ಅವನಿಗೆ ಕೇಳಿಸಿದ್ದು ತನ್ನ ಗುಂಯ್ ಒಂದೇ. ಅವತ್ತು ‘ಮಾಮೂಲಿ’ ಅಂದಾಗ ಅವರು ಎಲ್ಲರೆದುರಿಗೆ, ‘ಮಾಮೂಲಿ ಅಂದ್ರೆ ಇನ್ನೊಂದು ಅರ್ಥಾನೂ ಇದೆ ಸ್ವಾಮಿ, ಅದೇನಾದ್ರೂ ಬೇಕಿತ್ತಾ, ಹೇಳಿ, ಜೇಬಿಗೆ ಹಾಕ್ತೀನಿ’ ಅಂದಿದ್ದರು. ಮುಖಕ್ಕೆ ಹೊಡೆದಂತಾಗಿತ್ತು. ಲಂಚ ಮುಟ್ಟದ ಮನುಷ್ಯ ತಾನು ಅಂತ ಆವತ್ತು ಇಡೀ ದಿನ ಒಳಗೊಳಗೇ ಕುದಿದಿದ್ದ. ಕುದಿಯುವುದು ಸುಲಭವಿತ್ತು, ಯಾಕೆಂದರೆ ಆ ಆರೋಪ ಸುಳ್ಳಾಗಿತ್ತು.

ಈ ಸಲ ಸೂಪರ್‌ವೈಸರಮ್ಮ ಗಾಡಿಯನ್ನು ಹಿಂದಿನ ಸಂಜೆಯೇ ಇಲ್ಲಿ ಬಿಟ್ಟುಹೋಗಲು ಹೇಳಿದ್ದಳು. ವಯಸ್ಸಿನಲ್ಲಿ ಕಿವಿಯಣ್ಣನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಒಳ್ಳೆಯವಳು, ಅವನಿಗೆ ಅಣ್ಣ ಅನ್ನುತ್ತಿದ್ದಳು. ವಾರಂಟಿ ಆ ವಾರ ಮುಗಿಯುವುದರಲ್ಲಿತ್ತು. ಇವತ್ತು ಬಡಿತ ಇದೆ ಅಂದರೆ ಎಂಜಿನ್ ಬಿಚ್ಚಿ ಕಂಪನಿಯೇ ಸರಿಮಾಡಿ ಕೊಡಬೇಕು. ಇಲ್ಲ ಅಂದರೆ ಗಾಜಿನವರು ಇನ್ನು ಈ ಬಾಗಿಲಿಗೆ ಬರುವಂತಿಲ್ಲ.

‘ನೋಡಮ್ಮ,’ ಗಾಜಿನವರು ಅವಳಿಗೆ ಹೇಳುತ್ತಿದ್ದರು, ‘ಬೆಳಿಗ್ಗೆ ಎದ್ದ ಕೂಡ್ಲೇ ಬಡಿಯುತ್ತೆ. ಇಲ್ಲಿಗೆ ಬರೋ ಹೊತ್ತಿಗೆ ಬಾಯಿ ಮುಚ್ಕೊಂಡು, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಗಂಭೀರವಾಗಿಬಿಡುತ್ತೆ. ನಾನು ಗಾಜು ಸಾಗಿಸೋನು. ಹಲಗೆ ಹಿಂದೆ ಎಲ್ಲೋ ಸಣ್ಣಗೆ ಟಿಕ್ ಅಂದ್ರೂ ನನಗೆ ಎದೆ ಧಸಕ್ ಅನ್ನುತ್ತೆ. ಸದ್ದು ಯಾವುದು ಸುಳ್ಳು ಯಾವುದು ನನಗೆ ಗೊತ್ತಾಗಲ್ವಾ?’

‘ಆಯಿಲ್ ಫಿಲ್ಟರ್ ಎಲ್ಲ ಕಂಪನೀದೇ ತಾನೆ ಹಾಕ್ಸಿರೋದು?’ ಎಂದಳು ಸೂಪರ್‌ವೈಸರಮ್ಮ.

‘ನಿಮ್ಮಲ್ಲೇ ಹಾಕ್ಸಿರೋದು ತಾಯಿ. ಬೇರೆ ಕಡೆ ನೀರು ಕೂಡ ಕುಡಿಸಿಲ್ಲ ಅದಕ್ಕೆ.’

ಕೀಲಿ ತಿರುಗಿಸಿದರು. ತಣ್ಣಗಿದ್ದ ಎಂಜಿನ್ ಒಮ್ಮೆ ಮೈ ಕೊಡವಿಕೊಂಡು ಎದ್ದಿತು. ಕಿವಿಯಣ್ಣನ ಕಾಲಡಿಯ ಸಿಮೆಂಟು ನೆಲ ನಡುಗಿತು, ಬಲಗಿವಿಗೆ ಒಂದು ದಪ್ಪನೆಯ ಗದ್ದಲ ಬಂದು ತುಂಬಿಕೊಂಡಿತು. ಸದ್ದನ್ನು ಸದ್ದಿನಿಂದ ಬಿಡಿಸಿಕೊಡುತ್ತಿದ್ದ ಕಿವಿ ಎಡದ್ದು, ಅದು ಈಗಿಲ್ಲ. ಅವನು ಸ್ಕ್ರೂಡ್ರೈವರನ್ನು ಎಂಜಿನ್ನಿನ ತಲೆಯ ಮೇಲಿಟ್ಟು, ಹಿಡಿಯನ್ನು ಎಡಗಿವಿಗೊತ್ತಿ, ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಅದೇ ಗುಂಯ್. ತಲೆಬುರುಡೆಯ ಮೂಲಕ ಎಲ್ಲಿಂದಲೋ ಮಸುಕಾದ ಒಂದು ನಡುಕ. ಅಷ್ಟೇ. ಕಣ್ಣು ತೆರೆದಾಗ ಗಾಜಿನವರ ರೆಪ್ಪೆ ತಾಳಕ್ಕೆ ಸರಿಯಾಗಿ ಅದುರುತ್ತಿದ್ದದ್ದು ಕಂಡಿತು. ಏನೋ ಇದೆ. ಅವರ ಮುಖದಲ್ಲಿ ಸದ್ದು ನಡೆಯುತ್ತಿದೆ.

ಸೂಪರ್‌ವೈಸರಮ್ಮ ಅವನ ಬಲಕ್ಕೆ ಬಂದು ನಿಂತಳು. ‘ನನಗೇನೋ ಮೇಲಿನ ಟಪ್ಪೆಟ್ ಸದ್ದಿನ ಹಾಗೆ ಅನ್ನಿಸ್ತಿದೆ ಅಣ್ಣ. ಟಪ್ಪೆಟ್ ಆದ್ರೆ ಮಾಮೂಲಿ, ಹಾಗಂತಲೇ ಹೇಳಿ ಕಳಿಸೋಣ. ಕೆಳಗಡೆಯಿಂದ ಬರ್ತಿದೆ ಅಂದ್ರೆ ಮಾತ್ರ ಬಿಚ್ಬೇಕು. ನೀವು ಹೇಳಿದ ಹಾಗೆ.’

ನೀವು ಹೇಳಿದ ಹಾಗೆ! ‘ಮಾಮೂಲಿ’ ಅನ್ನುವ ಮಾತು ಅವನಿದ್ದಲ್ಲಿಗೇ ಬಂದು ಬಾಗಿಲು ತೆರೆದು ನಿಂತಿತ್ತು. ‘ಮಾ’ ಅನ್ನಲು ಅವನ ತುಟಿಗಳು ಕೂಡಿಕೊಂಡವು. ಆಗ ಗಾಜಿನವರು ಅವನತ್ತ ನೋಡಿದರು. ಬೈಗುಳವಿಲ್ಲ, ಜೋರಿಲ್ಲ, ಇವನಿಂದ ಇನ್ನೇನು ತಾನೆ ಬಂದೀತು ಅನ್ನುವ ನೋಟ. ಕನ್ನಡಿಯಲ್ಲಿ ಕಂಡದ್ದು ಇದೇ. ಸಿಂಕಿನ ಮುಂದೆ ತಿರುಗಿದ ಮುಖದಲ್ಲಿದ್ದದ್ದೂ ಇದೇ. ಕೂಡಿದ ತುಟಿ ಹಾಗೆಯೇ ಉಳಿಯಿತು. ಅವನಿಗೆ ಸಾಕಾಗಿಹೋಯಿತು, ಧೈರ್ಯ ಬಂದದ್ದಲ್ಲ, ಬರೀ ಸಾಕಾದದ್ದು. ಸ್ಕ್ರೂಡ್ರೈವರನ್ನು ಎತ್ತಿ, ಗಾಡಿಯ ಪಕ್ಕಕ್ಕೆ ಬಂದು, ಮಂಡಿಯೂರಿ, ತುದಿಯನ್ನು ಎಂಜಿನ್ನಿನ ಕೆಳಭಾಗಕ್ಕಿಟ್ಟು, ಹಿಡಿಯನ್ನು ಬಲಗಿವಿಗೆ ಒತ್ತಿದ.

ದಡ್. ದಡ್. ದಡ್.

ಎಷ್ಟು ಸ್ಪಷ್ಟವಾಗಿತ್ತು! ಒಳಗೆ ಯಾರೋ ಮುಚ್ಚಿದ ಬಾಗಿಲಿನ ಹಿಂದೆ ನಿಂತು ಬಡಿಯುತ್ತಿದ್ದಾರೆ, ಎಷ್ಟು ದಿನದಿಂದಲೋ ಬಡಿಯುತ್ತಿದ್ದಾರೆ. ‘ಸ್ವಲ್ಪ ರೇಸ್ ಮಾಡಿ ಬಿಡಿ,’ ಎಂದ. ಎಂಜಿನ್ ಏರಿ ಇಳಿಯುವಾಗ ಬಡಿತ ಎರಡೆರಡಾಗಿ ಬಂತು. ‘ಮೇಡಂ, ಒಂದೊಂದೇ ಸಿಲಿಂಡರ್ ಕಟ್ ಮಾಡ್ತಾ ಬನ್ನಿ.’ ಅವಳು ಎಂಜಿನ್ನಿಗೆ ಜೋಡಿಸಿದ್ದ ತಪಾಸಣೆಯ ಯಂತ್ರದಿಂದ ಒಂದನ್ನು ನಿಲ್ಲಿಸಿದಳು, ಬಡಿತ ಹಾಗೇ ಇತ್ತು. ಎರಡನೆಯದು, ಹಾಗೇ. ಮೂರನೆಯದನ್ನು ನಿಲ್ಲಿಸಿದಾಗ ಬಡಿಯುತ್ತಿದ್ದವರು ಕೈ ಇಳಿಬಿಟ್ಟಂತೆ ಸದ್ದು ಸಣ್ಣಗಾಯಿತು. ‘ಇದೇ. ಮೂರನೇದರ ರಾಡ್ ಬೇರಿಂಗು ಸವೆದಿದೆ. ಗಾಡಿ ಓಡಿಸ್ಬಾರ್ದು ಇನ್ನು. ಬಿಚ್ಬೇಕು.’

ಎಂಜಿನ್ ನಿಲ್ಲಿಸಿದರು. ‘ಹಾಗಾದ್ರೆ ಹೋದ ಸಲ ಇದು ಇರ್ಲಿಲ್ವಾ?’ ಎಂದರು ಗಾಜಿನವರು. ‘ಕಿವಿ ಬದಲಾಯಿಸಿದ್ರಲ್ಲ ಅಣ್ಣ,’ ಎಂದಳು ಸೂಪರ್‌ವೈಸರಮ್ಮ, ಅದೇ ಹೊತ್ತಿಗೆ, ಮೆಲ್ಲಗೆ. ಒಂದು ವರ್ಷ ಹೆದರಿದ ಪ್ರಶ್ನೆ ಕೊನೆಗೂ ಬಂತು. ಬಂದರೆ ಇಷ್ಟೇ.

‘ಇತ್ತೋ ಏನೋ ಸ್ವಾಮಿ,’ ಎಂದ ಕಿವಿಯಣ್ಣ, ನೆಲದ ಮೇಲಿಂದ ಏಳದೆಯೇ. ‘ನನಗೆ ಈ ಕಡೆ ಕಿವಿ ಕೇಳ್ಸಲ್ಲ. ಹೇಳೋಕೆ ನಾಚಿಕೆ ಆಯ್ತು.’

ಗಾಜಿನವರು ಹಣೆ ಚಚ್ಚಿಕೊಂಡರು. ‘ಒಳ್ಳೇ ಕಥೆಯಾಯ್ತಲ್ಲಪ್ಪ! ಕಿವಿ ಕೇಳ್ಸದೋರ ಮುಂದೆ ನಾನು ಗಂಟಲು ಹರ್ಕೊಂಡು ಸದ್ದು ತೋರಿಸ್ತಾ ಇದ್ದೆ!’ ಯಾರೋ ಕಿಸಕ್ಕನೆ ನಕ್ಕರು. ಅವರು ತಾವೇ ಕೈಕೊಟ್ಟು ಅವನನ್ನು ಎಬ್ಬಿಸಿದರು. ‘ಹೋಗ್ಲಿ ಬಿಡಿ. ನಮ್ಮಣ್ಣನಿಗೂ ಹೀಗೇ ಆಗಿತ್ತು. ಒಂದು ಮಿಷನ್ ಹಾಕಿಸ್ಕೊಂಡ. ಈಗ ಬೇಡದ್ದೆಲ್ಲ ಕೇಳ್ಸುತ್ತೆ ಅಂತ ಬೈಕೊಂಡು ಓಡಾಡ್ತಾನೆ.’ ಸೂಪರ್‌ವೈಸರಮ್ಮ ಏನೂ ಬೈಯಲಿಲ್ಲ. ಅವನ ಕೈಯಿಂದ ಆ ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದುಕೊಂಡು, ಒರೆಸಿ, ಎಲ್ಲರದೂ ಇರುವ ಟ್ರೇಯಲ್ಲಿಟ್ಟಳು. ‘ಮೊದಲೇ ಹೇಳ್ಬಾರ್ದಿತ್ತಾ ಅಣ್ಣ. ಇವತ್ತು ಮನೆಗೆ ಹೋಗಿ, ಕಿವಿ ತೋರಿಸ್ಕೊಳ್ಳಿ. ನಾಳೆಯಿಂದ ಪಾರ್ಟ್ಸ್ ಕೌಂಟರ್ ನೋಡ್ಕೊಳ್ಳಿ.’ ಟ್ರೇಯಲ್ಲಿ ಅದು ಬಿದ್ದ ಸದ್ದು ಅವನಿಗೆ ಕೇಳಿಸಿತು. ಎದೆಯಲ್ಲಿ ಚುಚ್ಚಿತು, ನಿಜ. ಆದರೆ ಚುಚ್ಚಿದ ಜಾಗದಿಂದಲೇ ಗಾಳಿ ಒಳಗೆ ಬಂದಂತೆಯೂ ಆಯಿತು. ಇಷ್ಟು ಸುಲಭವಿತ್ತೇ ಇದು? ಆಕಾಶವೇನೂ ಕಳಚಿ ಬೀಳಲಿಲ್ಲ. ಬೆಪ್ಪುತಕ್ಕಡಿ, ಒಂದು ವರ್ಷ ಏನು ಪೀಕಲಾಟ! ಇವತ್ತೇ ಅವಳಿಗೂ ಹೇಳಿಬಿಡಬೇಕು. ಕೋಪವಲ್ಲ ಕಣೇ, ಕಿವಿ, ಅಂದರೆ ಮುಗಿಯಿತು. ಎರಡು ಮಾತು ಬೈದು ನಕ್ಕುಬಿಡುತ್ತಾಳೆ.

ಬರಿಗೈಯಲ್ಲಿ ಹೋಗಬೇಕಾಗಿಯೂ ಇರಲಿಲ್ಲ. ವರ್ಕ್‌ಶಾಪಿನ ಹಿಂದೆ, ವೆಲ್ಡಿಂಗ್ ಮಾಡುವ ಮೂಲೆಯಲ್ಲಿ, ಹಳೆಯ ಸೀಟಿನ ಹೊದಿಕೆಯ ಕೆಳಗೆ ಅವನ ತೊಟ್ಟಿಲಿತ್ತು. ಊಟದ ವಿರಾಮದಲ್ಲಿ ಕೂತು ಕೂತು ಮಾಡಿದ್ದು. ಕೊಳವೆಯ ಚೌಕಟ್ಟು, ಉಜ್ಜಿ ಉಜ್ಜಿ ಬೆಣ್ಣೆಯ ಹಾಗೆ ನಯ ಮಾಡಿದ ಅಂಚು, ಎರಡು ಕಡೆ ಎಂಜಿನ್ನಿನಿಂದ ಕಳಚಿದ ಒಳ್ಳೆಯ ಬೇರಿಂಗು. ಮಗು ಮಲಗಿದಾಗ ಕಿರ್ ಅನ್ನಬಾರದು ಅನ್ನುವುದೇ ಅವನ ಹಟ. ಮೋಟರಿನ ಜಗಳವೂ ಸೇರಿ ತೀರಿಹೋಗುವಂಥ ತೊಟ್ಟಿಲು. ತೂಗಿ ನೋಡಿ, ‘ಸದ್ದು ಬರ್ತಿದೆಯೇನೋ?’ ಅಂತ ವೆಲ್ಡರನ್ನು ಕೇಳಿದ್ದ. ಕಿವಿಯಣ್ಣ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಅಂದುಕೊಂಡ ವೆಲ್ಡರ್, ‘ಎಲ್ಲಿ ಸದ್ದು? ನೊಣ ಕೂತ ಹಾಗಿದೆ’ ಅಂದಿದ್ದ. ಅದನ್ನೀಗ ಮಡಚಿ ಹೆಗಲ ಮೇಲೆ ಹೊತ್ತು ಬಸ್ ಹತ್ತಿದ.

ಬಸ್ಸಿನಲ್ಲಿ ಎಲ್ಲರೂ ಸರಿದು ಜಾಗ ಕೊಟ್ಟರು. ಮುದುಕಿಯೊಬ್ಬಳು ಬಲಗಡೆಯಿಂದ, ‘ಮೊಮ್ಮಗೂಗಾ?’ ಎಂದಳು. ‘ಹೂಂ.’ ‘ಮೊದಲನೇದಾ?’ ‘ಹೂಂ ಅಮ್ಮ, ಮೊದಲನೇದು.’ ಅವನ ಮುಖ ಅರಳಿತು. ಎಷ್ಟು ದಿನವಾಗಿತ್ತು ಯಾರಾದರೂ ಅವನ ಹತ್ತಿರ ಹೀಗೆ ಮಾತಾಡಿ. ಇಷ್ಟು ದೊಡ್ಡ ಸಾಮಾನಿಗೆ ಟಿಕೆಟ್ ಬೇಕಾಗುತ್ತೇನೋ ಅಂತ ಅವನು ಜೇಬಿಗೆ ಕೈ ಹಾಕಿದಾಗ ಕಂಡಕ್ಟರ್ ತೊಟ್ಟಿಲನ್ನು ಬೆರಳಿನಿಂದ ತಟ್ಟಿ, ‘ಬೇಡ ಬಿಡ್ರಿ, ಒಳಗೆ ಮಗು ಇಲ್ವಲ್ಲ’ ಅಂದ. ಬಸ್ಸೆಲ್ಲ ನಕ್ಕಿತು. ಕಿವಿಯಣ್ಣನೂ ನಕ್ಕ. ಇದನ್ನೂ ಅವಳಿಗೆ ಹೇಳಬೇಕು ಅಂದುಕೊಂಡ.

ಹೆಂಡತಿ ಕಿಟಕಿಯ ಪಕ್ಕ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಈ ಹೊತ್ತಿನಲ್ಲಿ ಅವನನ್ನು ಕಂಡು ತಲೆಯೆತ್ತಿದಳು, ಅವನ ಹೆಗಲಿನ ಮೇಲಿದ್ದದ್ದನ್ನು ಕಂಡು ಎದ್ದೇ ನಿಂತಳು. ಅವನು ಅವಳ ಮುಖ ನೋಡುವ ಪುರಸೊತ್ತಿನಲ್ಲಿರಲಿಲ್ಲ. ತೊಟ್ಟಿಲನ್ನು ಕೋಣೆಯ ನಡುವೆ ಬಿಡಿಸಿ ನಿಲ್ಲಿಸಿ, ಬೆರಳಿನಿಂದ ಒಂದಿಷ್ಟು ನೂಕಿದ. ಅದು ನೀರಿನ ಮೇಲಿದ್ದ ಹಾಗೆ ತೂಗತೊಡಗಿತು. ‘ನೋಡೇ ಇಲ್ಲಿ. ಬೇರಿಂಗಿನ ಮೇಲೆ ನಿಂತಿರೋದು. ಎಷ್ಟು ಹೊತ್ತು ಬೇಕಾದ್ರೂ ತೂಗುತ್ತೆ. ಸದ್ದು ಒಂಚೂರಾದ್ರೂ ಇದೆಯಾ?’ ಅವಳು ಗೋಡೆಯವರೆಗೂ ಹಿಂದೆ ಸರಿದಿದ್ದಳು. ತುಟಿ ಅಲುಗುತ್ತಿತ್ತು. ಇಷ್ಟು ದೂರದಿಂದ ಅದು ಅವನಿಗೆ ದಕ್ಕಲಿಲ್ಲ.

‘ತಡಿ, ನೀನು ಬೈಯೋಕೆ ಮುಂಚೆ ನಾನೊಂದು ಹೇಳ್ಬೇಕು,’ ಎಂದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು. ‘ನನಗೆ ಎಡಗಿವಿ ಕೇಳ್ಸಲ್ಲ ಕಣೇ. ವರ್ಷ ಆಯ್ತು. ನಿನ್ನ ಮೇಲೆ ಕೋಪ ಗೀಪ ಏನೂ ಇಲ್ಲ. ನೀನು ಕರೆದದ್ದು, ಹೇಳಿದ್ದು ಅರ್ಧ ನನಗೆ ಕೇಳಿಸೇ ಇಲ್ಲ. ಇವತ್ತು ಎಲ್ಲರ ಮುಂದೆ ಒಪ್ಕೊಂಡು ಬಂದೆ. ಇನ್ನು ನೀನು ಏನು ಬೇಕಾದ್ರೂ ಅನ್ನು.’

ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ‘ಆ ಭಾನುವಾರ?’

‘ಆ ಭಾನುವಾರಾನೂ ಅಷ್ಟೇ. ಬಲಗಿವಿ ದಿಂಬಿನಲ್ಲಿತ್ತು. ಮೋಟರ್ ವಿಷಯ ತಾನೆ ನೀನು ಹೇಳಿದ್ದು?’

‘ಮೋಟರ್,’ ಎಂದಳು ಅವಳು. ಒಂದು ಥರ ನಕ್ಕಂತೆ ಕಂಡಿತು, ಆದರೆ ನಗೆಯಲ್ಲ, ಬಾಯಿಗೆ ಕೈ ಒತ್ತಿಕೊಂಡಳು. ‘ಮೋಟರ್ ಅಂದ್ಕೊಂಡ್ರಾ? ಅಯ್ಯೋ. ಅಯ್ಯೋ ನಿಮ್ಮ.’ ಅವಳು ತೊಟ್ಟಿಲನ್ನು ಸುತ್ತಿ ಬಳಸಿಕೊಂಡು ಬಂದಳು. ಅವನ ಭುಜ ಹಿಡಿದು ಕೂರಿಸಿ, ತಾನು ಅವನ ಬಲಕ್ಕೆ ಕೂತಳು. ಅವಳ ಉಸಿರು ಕಿವಿಗೆ ಬೆಚ್ಚಗೆ ತಾಗಿತು. ಆವತ್ತು ಹೇಳಿದ ಧ್ವನಿಯಲ್ಲೇ ಇರಬೇಕು, ಜೋರಿಲ್ಲದೆ, ಒಂದೊಂದೇ ಮಾತಾಗಿ ಹೇಳಿದಳು.

‘ಮಗು ಹೋಯ್ತಂತೆ ರೀ. ಹೊಟ್ಟೇಲೇ ಹೋಗ್ಬಿಟ್ಟಿದೆಯಂತೆ. ಡಾಕ್ಟ್ರು ನೋಡಿ, ಬಡಿತ ಕೇಳಿಸ್ತಿಲ್ಲ ಅಂದ್ರಂತೆ.’

ಅವನ ಬಲಗಿವಿ ಎಲ್ಲವನ್ನೂ ಕೇಳಿತು. ಒಂದು ಅಕ್ಷರವೂ ತಪ್ಪಿಹೋಗಲಿಲ್ಲ.

‘ಇಷ್ಟೇ ಹೇಳಿದ್ದು ಆವತ್ತು,’ ಎಂದಳು. ‘ಅವಳು ಫೋನಲ್ಲೇ ಇದ್ಲು. ಅಪ್ಪನ ಹತ್ರ ಮಾತಾಡ್ಬೇಕು ಅಂತ ಅಳ್ತಾ ಇದ್ಲು. ಫೋನನ್ನ ನಿಮ್ಮ ಕಿವಿಗೇ ಇಟ್ಟೆ. ಅವಳು ಏನೋ ಹೇಳಿದ್ಲು ನಿಮಗೆ. ನೀವು ಕೈಬೀಸಿ, ಅದೆಲ್ಲ ಮಾಮೂಲಿ, ಬಿಡು, ಅಂದ್ರಿ. ಅವಳಿಗೆ ಅಂದ್ರಿ.’

ಎಡಗಿವಿಗೆ ತಾಗಿದ ಆ ತಣ್ಣನೆಯದು ಮತ್ತೆ ತಾಗಿತು. ಬಳೆಯಲ್ಲ, ಬೆರಳಲ್ಲ. ‘ಅವಳೇನಂದ್ಲು?’ ಎಂದು ಕೇಳಿದ. ತನ್ನ ದನಿ ತನಗೇ ಕೇಳಿಸಲಿಲ್ಲ.

‘ಏನೂ ಅನ್ಲಿಲ್ಲ. ನಾನು ಫೋನ್ ತಗೊಂಡು ಎಷ್ಟೋ ಹೊತ್ತು ಕಿವಿಗೆ ಇಟ್ಕೊಂಡಿದ್ದೆ. ಆ ಕಡೆಯಿಂದ ಸದ್ದೇ ಇರ್ಲಿಲ್ಲ.’ ಅವಳು ಮೂಗೊರೆಸಿಕೊಂಡಳು. ‘ಹೋಗಿ ಬಂದ ಮೇಲೆ ಇನ್ನೊಂದ್ಸಲ ಹೇಳಿದೆ. ಹೆಣ್ಣು ಮಗು, ನಿಮ್ಮ ಥರಾನೇ ಹಣೆ, ಅಲ್ಲೇ ಮಣ್ಣು ಮಾಡಿ ಬಂದ್ವಿ, ಅಂದೆ. ಸರಿ, ಒಳ್ಳೇದಾಯ್ತು, ಅಂದ್ರಿ. ಆಮೇಲೆ ನಿಮ್ಮ ಹತ್ರ ಏನ್ ಮಾತಾಡ್ಲಿ ನಾನು?’

ಅವನಿಗೆ ಅಳಬೇಕೆನ್ನಿಸಿತು, ಅಳು ಬರಲಿಲ್ಲ. ಹಣೆ ಮುಟ್ಟಿಕೊಂಡ. ತನ್ನದೇ ಹಣೆ, ಮೂಳೆ, ಸ್ವಲ್ಪ ಬೆವರು. ಕೋಣೆಯ ನಡುವೆ ತೊಟ್ಟಿಲು ಇನ್ನೂ ತೂಗುತ್ತಲೇ ಇತ್ತು, ಅಷ್ಟು ಚೆನ್ನಾಗಿ ಮಾಡಿದ್ದ. ಹೆಂಡತಿ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು. ‘ನಿಲ್ಸಿ ಅದನ್ನ,’ ಎಂದಳು. ‘ಸದ್ದು ಮಾಡ್ತಿದೆ.’

ಎದ್ದು ಹೋಗಿ ಚೌಕಟ್ಟಿನ ಮೇಲೆ ಅಂಗೈಯಿಟ್ಟ. ಒಂದು ಕಡೆಯ ಬೇರಿಂಗಿನಿಂದ ಸಣ್ಣ ನಡುಕವೊಂದು ಬಂದು ಕೈಗೆ ತಾಗುತ್ತಿತ್ತು. ಅದು ಕಿರ್ ಅನ್ನುತ್ತಲೇ ಇತ್ತು, ಮೊದಲಿನಿಂದಲೂ. ಹಿಡಿದು ನಿಲ್ಲಿಸಿದ. ಆಮೇಲೆ ಹೆಂಡತಿಯ ಕಡೆಗೆ ತಿರುಗಿ, ‘ಫೋನ್ ಮಾಡ್ಕೊಡು ಅವಳಿಗೆ,’ ಎಂದ.

‘ನಿಮ್ಮ ಹೆಸರು ಎತ್ಬೇಡ ಅಂದಿದಾಳೆ.’

‘ಮಾಡ್ಕೊಡು.’

ಅವಳು ನಂಬರ್ ಒತ್ತಿ ಕೊಟ್ಟಳು. ಅವನ ಕೈ ತಾನಾಗಿ ಎಡಕ್ಕೆ ಹೋಯಿತು. ತಡೆದು, ಬಲಗಿವಿಗೆ ತಂದು ಒತ್ತಿಕೊಂಡ. ದೂರದಲ್ಲಿ ಎಲ್ಲೋ ಗಂಟೆ ಹೊಡೆದುಕೊಳ್ಳುತ್ತಿತ್ತು. ಇನ್ನೇನು ಕಟ್ಟಾಗಬೇಕು ಅನ್ನುವಾಗ ಅದು ನಿಂತಿತು. ಆ ಕಡೆಯಿಂದ ಏನೂ ಇಲ್ಲ. ಎತ್ತಿದಳೋ, ಇಟ್ಟಳೋ, ಏನಾದರೂ ಹೇಳುತ್ತಿದ್ದಾಳೋ, ಬರೀ ಉಸಿರಾಡುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿ, ಫೋನನ್ನು ನೋಯುವಷ್ಟು ಒತ್ತಿ ಹಿಡಿದು ಕೇಳಿದ. ‘ಎತ್ತಿದ್ಲಾ?’ ಎಂದಳು ಹೆಂಡತಿ.

‘ಮಗಳೇ,’ ಎಂದ ಅವನು ಆ ಮೌನಕ್ಕೆ. ‘ಆವತ್ತು ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳಮ್ಮಾ. ಈಗ ಕೇಳೋ ಕಿವಿಗೆ ಇಟ್ಕೊಂಡಿದೀನಿ.’